ಊರ ಹೋರಿ, ಮಾಮೂಲಿ ಸ್ಟ್ರಾ, ಹೆಣ್ಣುಗರು ಸ್ಟ್ರಾ: ನಿಮ್ಮ ಹಸುವಿಗೆ ಯಾವುದು?

ಹಸು ಎರಡು ಸಲ ತಿರುಗಿ ಬೆದೆಗೆ ಬಂದರೆ ಸಾಕು, ಊರಲ್ಲಿ ಸಲಹೆಗೆ ಬರವಿಲ್ಲ. "ಸೂಜಿ (ಕೃತಕ ಗರ್ಭಧಾರಣೆ) ಬಿಡು, ಹೋರಿ ಕೊಡಿಸು" ಅನ್ನುವವರು ಒಬ್ಬರು. "ಇವರ ಕೈಗುಣ ಸರಿಯಿಲ್ಲ, ಪಕ್ಕದೂರಿನ ಡಾಕ್ಟ್ರನ್ನ ಕರೆಸು" ಅನ್ನುವವರು ಇನ್ನೊಬ್ಬರು. ಈಗೀಗ "ನಾಲ್ಕು ಕಾಸು ಜಾಸ್ತಿ ಆದ್ರೂ ಹೆಣ್ಣುಗರು ಹುಟ್ಟೋ ಸ್ಟ್ರಾನೇ ಹಾಕಿಸು" ಅನ್ನುವವರೂ ಸೇರಿಕೊಂಡಿದ್ದಾರೆ. ಸ್ಟ್ರಾ ಅಂದರೆ ಹೋರಿಯ ವೀರ್ಯ ತುಂಬಿ ಹೆಪ್ಪುಗಟ್ಟಿಸಿದ ಸಣ್ಣ ಕೊಳವೆ. ಮೂವರ ಮಾತಲ್ಲೂ ಒಂದಷ್ಟು ನಿಜ ಇದೆ. ಆದರೆ ಮೂವರೂ ಕೇಳದೆ ಬಿಡುವ ಪ್ರಶ್ನೆ ಒಂದಿದೆ. ಹಸುವಿನ ಒಳಗೆ ಸೇರುವ ಹೊತ್ತಿಗೆ ಆ ವೀರ್ಯದಲ್ಲಿ ಎಷ್ಟು ಜೀವ ಉಳಿದಿರುತ್ತದೆ?

ಆರಿಸುವಾಗ ನಾನು ನೋಡುವುದು ಇದನ್ನೇ. ಊರ ಹೋರಿಯ ವೀರ್ಯ ಕೆಡುವುದು ಹೋರಿಯ ಮೈಯಲ್ಲಿ. ಸ್ಟ್ರಾದಲ್ಲಿರುವುದು ಕೆಡುವುದು ಹೆಚ್ಚಾಗಿ ದಾರಿಯಲ್ಲಿ, ಅದನ್ನು ಹೆಪ್ಪುಗಟ್ಟಿಸಿ ಇಡುವ ಕ್ಯಾನಿನಿಂದ ಕೊಟ್ಟಿಗೆಗೆ ಬರುವಷ್ಟರಲ್ಲಿ. ಹೆಣ್ಣುಗರು ಸ್ಟ್ರಾ ಕಾರ್ಖಾನೆ ಬಿಡುವಾಗಲೇ ಅರ್ಧ ಸುಸ್ತಾಗಿರುತ್ತದೆ. ನಿಮ್ಮ ಊರಲ್ಲಿ ಇವುಗಳಲ್ಲಿ ಯಾವ ಜಾಗ ಗಟ್ಟಿ ಇದೆ, ಯಾವುದು ಸೋರುತ್ತಿದೆ ಅಂತ ಗೊತ್ತಾದರೆ ಆಯ್ಕೆ ಅರ್ಧ ಮುಗಿದಂತೆ.

ಮೊದಲು ಲೆಕ್ಕ

ಬೆಳೆದ ಹೋರಿ ಒಂದು ಸಲ ಹಾರಿದಾಗ ಬರುವ ವೀರ್ಯ ಸುಮಾರು 5 ಮಿಲಿ. ಒಂದು ಮಿಲಿಯಲ್ಲಿ ಹೆಚ್ಚುಕಡಿಮೆ 100 ಕೋಟಿ ವೀರ್ಯಾಣು. ಅಂದರೆ ಒಂದು ಸಲಕ್ಕೆ 500 ಕೋಟಿ.

ಡಾಕ್ಟ್ರು ತರುವ ಮಾಮೂಲಿ ಸ್ಟ್ರಾ ಹಿಡಿಸುವುದು ಕಾಲು ಮಿಲಿ. ಅದರಲ್ಲಿರುವುದು 2 ಕೋಟಿ ವೀರ್ಯಾಣು. ಕರಗಿಸಿದ ಮೇಲೆ ಇದರಲ್ಲಿ ಅರ್ಧದಷ್ಟಾದರೂ ಚುರುಕಾಗಿ ಮುಂದಕ್ಕೆ ಈಜುತ್ತಿರಬೇಕು ಅನ್ನುವುದು ನಮ್ಮ ದೇಶದ ವೀರ್ಯ ಕೇಂದ್ರಗಳಿಗೆ ಇರುವ ಅಳತೆ. ಹಾಗಾಗಿ ಕೆಲಸಕ್ಕೆ ಬರುವುದು 1 ಕೋಟಿ ಅಂತ ಇಟ್ಟುಕೊಳ್ಳಿ. ಹೆಣ್ಣುಗರು ಸ್ಟ್ರಾದಲ್ಲಿ ಸಾಮಾನ್ಯವಾಗಿ ಇರುವುದು 20 ಲಕ್ಷದ ಆಸುಪಾಸು.

500 ಕೋಟಿ ಎಲ್ಲಿ, 2 ಕೋಟಿ ಎಲ್ಲಿ, 20 ಲಕ್ಷ ಎಲ್ಲಿ! ಆದರೂ ಸ್ಟ್ರಾದಿಂದ ಹಸು ಗಬ್ಬ ಆಗುತ್ತದೆ. ಯಾಕೆಂದರೆ ಹೋರಿ ವೀರ್ಯ ಬಿಡುವುದು ಯೋನಿಯಲ್ಲಿ. ಗರ್ಭಕೋಶದ ಬಾಯಿ ದಾಟುವಷ್ಟರಲ್ಲಿ ಅದರ ಬಹುಪಾಲು ಅಲ್ಲೇ ಉಳಿದು ಸಾಯುತ್ತದೆ. ಕೃತಕ ಗರ್ಭಧಾರಣೆಯಲ್ಲಿ ಗನ್ (ಸ್ಟ್ರಾ ಕೂರಿಸುವ ಉದ್ದ ಕೊಳವೆ) ಆ ಬಾಯಿಯನ್ನು ದಾಟಿ, ನೇರ ಒಳಗೆ ಬಿಡುತ್ತದೆ. ಅದಕ್ಕೇ ಒಂದು ಹೋರಿಯ ಒಂದು ಸಲದ ವೀರ್ಯದಿಂದ 200ಕ್ಕೂ ಹೆಚ್ಚು ಸ್ಟ್ರಾ ತುಂಬಬಹುದು.

ಇನ್ನೊಂದು ವ್ಯತ್ಯಾಸ ಆಯಸ್ಸಿನದು. ತಾಜಾ ವೀರ್ಯ ಹಸುವಿನ ಒಳಗೆ ಒಂದು ದಿನ, ಕೆಲವೊಮ್ಮೆ ಅದಕ್ಕೂ ಜಾಸ್ತಿ ಬದುಕುತ್ತದೆ. ಹೆಪ್ಪುಗಟ್ಟಿಸಿ ಕರಗಿಸಿದ್ದು 12ರಿಂದ 18 ಗಂಟೆ ಬಾಳಿದರೆ ಹೆಚ್ಚು. ಅಂಡಾಣು ಹೊರಬೀಳುವುದು ಬೆದೆ ಶುರುವಾಗಿ 24ರಿಂದ 30 ಗಂಟೆಗೆ. ಅದರ ಆಯಸ್ಸೂ ಕೆಲವೇ ಗಂಟೆ.

"ನಾಲ್ಕು ಸೂಜಿಗೆ ನಿಲ್ಲದ್ದು ಹೋರಿ ಕೊಡಿಸಿದ್ದೇ ನಿಂತುಬಿಡ್ತು" ಅನ್ನುವ ಮಾತಿಗೆ ಕಾರಣ ಇಲ್ಲಿದೆ. ಆ ನಾಲ್ಕೂ ಸಲ ಹೊತ್ತು ತಪ್ಪಿರಬಹುದು. ಹೋರಿಯ ಮುಂದೆ ಹಸು ತಾನಾಗಿ ನಿಂತಾಗ ಮಾತ್ರ ಕೆಲಸ ಆಗುತ್ತದೆ, ಮೇಲೆ ವೀರ್ಯಾಣು ಕೋಟಿಗಟ್ಟಲೆ, ಆಯಸ್ಸೂ ಜಾಸ್ತಿ. ಹೊತ್ತಿನ ತಪ್ಪನ್ನು ಹೋರಿ ಮುಚ್ಚಿಹಾಕುತ್ತದೆ. ಅಷ್ಟಕ್ಕೇ ಸ್ಟ್ರಾದ ವೀರ್ಯ ಕೆಟ್ಟದ್ದು ಅಂತ ತೀರ್ಮಾನ ಮಾಡಬೇಡಿ.

ಊರ ಹೋರಿ: ಇವತ್ತಿನದಲ್ಲ, ಎರಡು ತಿಂಗಳ ಹಿಂದಿನದು ನೋಡಿ

ಹೋರಿಯ ಮೈಯಲ್ಲಿ ಒಂದು ವೀರ್ಯಾಣು ತಯಾರಾಗಲು ಸುಮಾರು 60 ದಿನ ಬೇಕು. ಬಲಿತು ಹೊರಬರಲು ಇನ್ನೊಂದು ಹತ್ತು ದಿನ. ಹಾಗಾಗಿ ಇವತ್ತು ಹೋರಿ ಮಿಂಚುತ್ತಿದೆ, ಗುಟುರು ಹಾಕುತ್ತಿದೆ ಅನ್ನುವುದು ಏನನ್ನೂ ಹೇಳುವುದಿಲ್ಲ. ಎರಡು ತಿಂಗಳ ಹಿಂದೆ ಅದಕ್ಕೆ ಕಾಲುಬಾಯಿ ಜ್ವರ ಬಂದಿತ್ತಾ? ಏಪ್ರಿಲ್ ಬಿಸಿಲಲ್ಲಿ ತಗಡಿನ ಶೀಟಿನ ಕೆಳಗೆ ಕಟ್ಟಿಹಾಕಿದ್ದರಾ? ಜ್ವರ ಬಿಟ್ಟು ಹೋರಿ ಚೆನ್ನಾಗಿ ಮೇಯಲು ಶುರು ಮಾಡಿದ ಮೇಲೂ ವಾರಗಟ್ಟಲೆ ಅದರ ವೀರ್ಯ ಕಳಪೆಯಾಗಿಯೇ ಇರುತ್ತದೆ. ಏಪ್ರಿಲ್‌ನಲ್ಲಿ ಕೆಟ್ಟದ್ದು ಜೂನ್‌ನಲ್ಲಿ ಗೊತ್ತಾಗುತ್ತದೆ. ಅಷ್ಟೊತ್ತಿಗೆ ಮಳೆ ಬಂದು ತಂಪಾಗಿರುತ್ತದೆ, ಬಿಸಿಲಿನ ನೆನಪು ಯಾರಿಗೂ ಇರುವುದಿಲ್ಲ.

ಬೀಜ (ವೃಷಣ) ಮೈಗಿಂತ ಕೆಲವು ಡಿಗ್ರಿ ತಂಪಾಗಿ ಇರಬೇಕು, ಅದಕ್ಕೇ ಅದು ಹೊರಗೆ ಜೋತಾಡುವುದು. ಮೇಳಕ್ಕೆ, ಪ್ರದರ್ಶನಕ್ಕೆ ಅಂತ ತಿನ್ನಿಸಿ ತಿನ್ನಿಸಿ ಕೊಬ್ಬಿಸಿದ ಹೋರಿಯಲ್ಲಿ ಬೀಜದ ಚೀಲದ ಕುತ್ತಿಗೆಯಲ್ಲೂ ಕೊಬ್ಬು ಸೇರುತ್ತದೆ. ಆಗ ಶಾಖ ಹೊರಗೆ ಹೋಗುವುದಿಲ್ಲ. ನೋಡಲು ರಾಜಗಾಂಭೀರ್ಯ, ಕೆಲಸಕ್ಕೆ ಅಷ್ಟಕ್ಕಷ್ಟೆ.

ಮೇವಿನ ವಿಷಯದಲ್ಲಿ ಉತ್ತರ ಕರ್ನಾಟಕದವರಿಗೆ ಒಂದು ಮಾತು. ಹತ್ತಿಕಾಳು ಹಾಲಿನ ಎಮ್ಮೆಗೆ ಒಳ್ಳೆಯದು, ಬೆಣ್ಣೆ ಚೆನ್ನಾಗಿ ಬರುತ್ತದೆ ಅಂತ ಮನೆಯ ಎಲ್ಲ ದನಕ್ಕೂ ಅದನ್ನೇ ಹಾಕುವ ರೂಢಿ ಇದೆ. ಬಿತ್ತನೆ ಹೋರಿಗೆ ಅದು ಬೇಡ. ಹತ್ತಿಕಾಳಿನಲ್ಲಿ ಗಾಸಿಪಾಲ್ ಅನ್ನುವ ವಿಷದ ಅಂಶ ಇದೆ, ಜಾಸ್ತಿಯಾದರೆ ವೀರ್ಯಾಣುಗಳ ಬಾಲ, ನಡುಭಾಗ ಎಲ್ಲ ಕೆಡುತ್ತದೆ. ಬೇಸಿಗೆಯಲ್ಲಿ ಬರೀ ಒಣ ಹುಲ್ಲು, ಸೊಪ್ಪೆ ತಿಂದ ಹೋರಿಗೆ ಎ ವಿಟಮಿನ್ ಕೊರತೆ ಆಗುತ್ತದೆ. ದಿನಕ್ಕೊಂದಿಷ್ಟು ಹಸಿರು ಮೇವು, ಖನಿಜ ಮಿಶ್ರಣ ಹಾಕುತ್ತಾರಾ ಅಂತ ಹೋರಿ ಸಾಕಿದವರನ್ನು ಕೇಳಲು ಸಂಕೋಚ ಬೇಡ. ದುಡ್ಡು ಕೊಡುವವರು ನೀವೇ ಅಲ್ವಾ?

ಇನ್ನು ದುಡಿತ. ಹಳ್ಳಿಕಾರ್ ಬೀಜದ ಹೋರಿಗೆ ಒಂದು ಸಲ ಹೆಸರು ಬಂತು ಅಂದರೆ ಬೆಳಗ್ಗೆಯಿಂದ ಟೆಂಪೋಗಳ ಸಾಲು ನಿಲ್ಲುತ್ತದೆ. ವೀರ್ಯ ಕೇಂದ್ರಗಳಲ್ಲಿ ಒಂದು ಹೋರಿಯಿಂದ ವೀರ್ಯ ತೆಗೆಯುವುದು ವಾರಕ್ಕೆ ಎರಡು ದಿನ ಮಾತ್ರ. ಅದೂ ಮೊದಲು ಒಂದೆರಡು ಸಲ ಸುಮ್ನೆ ಹಾರಿಸಿ, ತಡೆದು, ಆಮೇಲೆ ಸಂಗ್ರಹಿಸುತ್ತಾರೆ. ಹಾಗೆ ಕಾಯಿಸಿದರೆ ವೀರ್ಯಾಣುಗಳ ಸಂಖ್ಯೆ ಹೆಚ್ಚುತ್ತದೆ. ಊರ ಹೋರಿ ಒಂದೇ ದಿನ ನಾಲ್ಕನೇ ಹಸುವನ್ನು ಹಾರುವಾಗ ಬರುವುದು ನೀರು. ಹೆಸರಿದ್ದ ಹೋರಿಯ ಹತ್ತಿರ ಹೋಗುವುದಾದರೆ ಇವತ್ತು ನಿಮ್ಮದು ಎಷ್ಟನೇ ಹಸು ಅಂತ ಕೇಳಿ.

ಕಣ್ಣಲ್ಲೇ ನೋಡಬಹುದಾದದ್ದೂ ಇದೆ. ಎರಡು ಬೀಜವೂ ಒಂದೇ ಗಾತ್ರ ಇರಬೇಕು, ಮುಟ್ಟಿದರೆ ಗಟ್ಟಿಯಾಗಿ, ಚೀಲದೊಳಗೆ ಸಲೀಸಾಗಿ ಜಾರುವಂತೆ ಇರಬೇಕು. ಮೆತ್ತಗೆ ಇದ್ದರೆ, ಒಂದು ಊದಿದ್ದರೆ ಬೇಡ. ಎಚ್‌ಎಫ್‌ನಂಥ ವಿದೇಶಿ ತಳಿಯ ಹೋರಿಗೆ 2 ವರ್ಷ ದಾಟಿದ ಮೇಲೆ ಬೀಜದ ಸುತ್ತಳತೆ 34 ಸೆಂಟಿಮೀಟರ್ ಇರಬೇಕು ಅಂತ ಒಂದು ಅಳತೆ ಇದೆ. ನಾಟಿ ಹೋರಿಗಳಲ್ಲಿ ಇದು ಸಹಜವಾಗಿಯೇ ಕಡಿಮೆ, ಅವಕ್ಕೆ ಈ ಅಳತೆ ಹಿಡಿದು ಹೋಗಬೇಡಿ. ಹಿಂಗಾಲು ನೋವಿರುವ, ಗೊರಸು ಬೆಳೆದ ಹೋರಿ ಸರಿಯಾಗಿ ಹಾರುವುದೇ ಇಲ್ಲ.

ಕಣ್ಣಿಗೆ ಕಾಣದ್ದು ರೋಗ. ಕಂದು ಹಾಕುವ ಬ್ರುಸೆಲ್ಲಾ, ಟ್ರೈಕೊಮೋನಾಸ್, ಕ್ಯಾಂಪೈಲೋಬ್ಯಾಕ್ಟರ್ ಇವೆಲ್ಲ ಹೋರಿಯಿಂದ ಹಸುವಿಗೆ ದಾಟಬಲ್ಲವು. ಕೊನೆಯ ಎರಡು ಇರುವ ಹೋರಿ ನೋಡಲು ಪೂರ್ತಿ ಆರೋಗ್ಯವಾಗಿಯೇ ಇರುತ್ತದೆ, ಅದು ಹಾರಿದ ಹಸುಗಳು ಮಾತ್ರ ಮತ್ತೆ ಮತ್ತೆ ತಿರುಗಿ ಬೆದೆಗೆ ಬರುತ್ತವೆ. 2022ರಲ್ಲಿ ರಾಜ್ಯವೆಲ್ಲ ಹಬ್ಬಿದ ಚರ್ಮಗಂಟು ರೋಗದ ವೈರಸ್ಸೂ ವೀರ್ಯದಲ್ಲಿ ಬರುತ್ತದೆ. ಈಗ ಯೋಚಿಸಿ: ನಾಲ್ಕು ಸಲ ನಿಲ್ಲದ ಹಸುಗಳನ್ನೆಲ್ಲ ಕಡೆಯ ಪ್ರಯತ್ನ ಅಂತ ಕರೆದುಕೊಂಡು ಹೋಗುವುದು ಇದೇ ಹೋರಿಯ ಹತ್ತಿರ. ರೋಗ ಕೂಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಜಾಗ ಬೇಕಾ?

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಹಳ್ಳಿಕಾರ್, ಅಮೃತಮಹಲ್, ಮಲೆನಾಡು ಗಿಡ್ಡದಂಥ ತಳಿ ಉಳಿಸಿಕೊಳ್ಳಲು ಒಳ್ಳೆ ಹೋರಿ, ರೋಗದ ಪರೀಕ್ಷೆ ಆಗಿರುವ ಹೋರಿ ಸಿಕ್ಕಿದರೆ ಅದನ್ನೇ ಕೊಡಿಸಿ. ಆದರೆ ಸೀಮೆಹಸುವಿಗೆ ಹುಟ್ಟಿದ ಗಂಡುಗರುವನ್ನು ಬೆಳೆಸಿ ಬಿತ್ತನೆಗೆ ಬಿಟ್ಟಿದ್ದರೆ ಅದರ ಹತ್ತಿರ ಹೋಗಬೇಡಿ. ಮಿಶ್ರತಳಿ ಹೋರಿಗಳಲ್ಲಿ ವೀರ್ಯ ಕಳಪೆ ಬರುವುದು ನಮ್ಮ ದೇಶದಲ್ಲಿ ಹಳೆಯ ಸಮಸ್ಯೆ. ಕೇಂದ್ರಗಳಲ್ಲೇ ಇಂಥ ಹೋರಿಗಳನ್ನು ಆರಿಸುವಾಗ ಎಷ್ಟೋ ತಿರಸ್ಕಾರ ಆಗುತ್ತವೆ. ಊರಲ್ಲಿ ಸೂಕ್ಷ್ಮದರ್ಶಕ ಇಟ್ಟು ನೋಡುವವರು ಯಾರು?

ಮಾಮೂಲಿ ಸ್ಟ್ರಾ: ಕ್ಯಾನ್ ನೋಡಿ, ಕೈ ನೋಡಿ

ಇದು ನಮಗೆ ಹೊಸದೇನಲ್ಲ. ಭಾರತದಲ್ಲಿ ಕೃತಕ ಗರ್ಭಧಾರಣೆ ಶುರುವಾದದ್ದೇ 1939ರಲ್ಲಿ, ಮೈಸೂರಿನ ಅರಮನೆ ಡೇರಿ ಫಾರ್ಮಿನಲ್ಲಿ. ಆಗ ತಾಜಾ ವೀರ್ಯ. ಗ್ಲಿಸರಾಲ್ ಹಾಕಿದರೆ ವೀರ್ಯಾಣು ಹೆಪ್ಪುಗಟ್ಟಿದರೂ ಬದುಕುತ್ತದೆ ಅಂತ 1949ರಲ್ಲಿ ಇಂಗ್ಲೆಂಡಿನಲ್ಲಿ ಗೊತ್ತಾದ ಮೇಲೆ ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ವರ್ಷಗಟ್ಟಲೆ ಇಡುವುದು ಸಾಧ್ಯವಾಯಿತು. ಹೆಸರಘಟ್ಟದಲ್ಲಿ ಕೇಂದ್ರ ಸರ್ಕಾರದ ಹೆಪ್ಪುಗಟ್ಟಿಸಿದ ವೀರ್ಯ ಉತ್ಪಾದನಾ ಸಂಸ್ಥೆ ಇದೆ, ಕೆಎಂಎಫ್‌ನ ನಂದಿನಿ ವೀರ್ಯ ಕೇಂದ್ರವೂ ಅಲ್ಲಿದೆ.

ಸ್ಟ್ರಾದ ದೊಡ್ಡ ಲಾಭ ಅಂದರೆ ಜರಡಿ. ಹೋರಿಗಳಿಗೆ ರೋಗದ ಪರೀಕ್ಷೆ ಕಾಲಕಾಲಕ್ಕೆ ಆಗುತ್ತದೆ. ತೆಗೆದ ವೀರ್ಯವನ್ನು ಆಗಲೇ ನೋಡುತ್ತಾರೆ, ಹೆಪ್ಪುಗಟ್ಟಿಸಿದ ಮೇಲೆ ಮಾದರಿ ಕರಗಿಸಿ ಮತ್ತೆ ನೋಡುತ್ತಾರೆ. ಬೇಸಿಗೆಯ ಕಳಪೆ ಮಾಲು ಅಲ್ಲೇ ಚರಂಡಿ ಸೇರುತ್ತದೆ. ಚಳಿಗಾಲದಲ್ಲಿ ತೆಗೆದ ಒಳ್ಳೆಯದನ್ನು ಮೇ ತಿಂಗಳಲ್ಲಿ ಹಾಕಬಹುದು. ಊರ ಹೋರಿಗೆ ಈ ಅನುಕೂಲ ಇಲ್ಲ. ವೀರ್ಯ ಕೇಂದ್ರಗಳಿಗೆ ಎ, ಬಿ ಅಂತ ಗ್ರೇಡ್ ಇರುತ್ತದೆ. ಗ್ರೇಡ್ ಇಲ್ಲದ ಕಡೆಯಿಂದ ಬಂದ ಸ್ಟ್ರಾ ಎಷ್ಟೇ ಅಗ್ಗ ಇದ್ದರೂ ಬೇಡ ಅನ್ನಿ.

ಹಾಗಾದರೆ ಯಾಕೆ ನಿಲ್ಲುವುದಿಲ್ಲ? ಕೇಂದ್ರದಿಂದ ಹೊರಟ ಮೇಲಿನ ಕಥೆ ಅದು. ಸ್ಟ್ರಾ ಒಂದು ಸಲ ಮೈನಸ್ 130 ಡಿಗ್ರಿಗಿಂತ ಮೇಲೆ ಬಂದರೆ ಒಳಗೆ ಮಂಜಿನ ಹರಳು ಬೆಳೆಯಲು ಶುರುವಾಗುತ್ತದೆ. ಮತ್ತೆ ಕ್ಯಾನಿಗೆ ಅದ್ದಿದರೂ ಹೋದ ಜೀವ ಬರುವುದಿಲ್ಲ. ಹೊರಗಿನಿಂದ ನೋಡಿದರೆ ಸ್ಟ್ರಾ ಹೊಸದರಂತೆಯೇ ಕಾಣುತ್ತದೆ. ಇದೇ ಮೋಸ.

ಅದಕ್ಕೆ ಡಾಕ್ಟ್ರು ಬಂದಾಗ ಹಸುವಿನ ಹಗ್ಗ ಹಿಡಿದು ಬೇರೆ ಕಡೆ ನೋಡಬೇಡಿ, ಅವರ ಕೈ ನೋಡಿ. ಸ್ಟ್ರಾ ಇರುವ ಕ್ಯಾನಿಸ್ಟರನ್ನು ಕ್ಯಾನಿನ ಕುತ್ತಿಗೆಗಿಂತ ಮೇಲೆ ಎತ್ತಬಾರದು. ಬೇಕಾದ ಹೋರಿಯದ್ದು ಹುಡುಕುತ್ತಾ ಎಣಿಸುತ್ತಾ ನಿಲ್ಲುವಂತಿಲ್ಲ, ಕೆಲವೇ ಸೆಕೆಂಡಿನಲ್ಲಿ ಚಿಮಟದಿಂದ ಒಂದು ಎತ್ತಿ, ಉಳಿದದ್ದನ್ನು ತಕ್ಷಣ ಇಳಿಸಬೇಕು. ಎತ್ತಿದ ಸ್ಟ್ರಾ 37 ಡಿಗ್ರಿ ಬಿಸಿ ಇರುವ ನೀರಿಗೆ, 30 ಸೆಕೆಂಡು. ನೀರಿಗೆ ಥರ್ಮಾಮೀಟರ್ ಇಟ್ಟವರು ಸಿಕ್ಕಿದರೆ ಅವರ ಫೋನ್ ನಂಬರ್ ಬರೆದಿಟ್ಟುಕೊಳ್ಳಿ. ಅಂಗೈಯಲ್ಲಿ ಉಜ್ಜಿ, ಜೇಬಿನಲ್ಲಿಟ್ಟು, ತಣ್ಣೀರಿನ ಲೋಟಕ್ಕೆ ಹಾಕಿ ಕರಗಿಸುವವರು ಇದ್ದಾರೆ. ಕರಗಿದ ಮೇಲೆ ಸ್ಟ್ರಾವನ್ನು ಒಣಗುವಂತೆ ಒರೆಸಬೇಕು. ಒಂದು ಹನಿ ನೀರು ಒಳಗೆ ಸೇರಿದರೂ ವೀರ್ಯಾಣು ಉಬ್ಬಿ ಸಾಯುತ್ತದೆ. ಕತ್ತರಿಸಿ, ಗನ್ನಿಗೆ ಹಾಕಿ, ಪ್ಲಾಸ್ಟಿಕ್ ಹೊದಿಕೆ ತೊಡಿಸಿ, ಬಿಸಿಲಿಗೆ ಹಿಡಿಯದೆ ಹಸುವಿನ ಹತ್ತಿರ ಬರಬೇಕು. ಕರಗಿಸಿದ ಕೆಲವು ನಿಮಿಷದಲ್ಲಿ ಕೆಲಸ ಮುಗಿಯಬೇಕು. ಕರಗಿಸಿ ಇಟ್ಟು, "ಹಸು ಕಟ್ಟಿ, ಬಿಸಿನೀರು ತನ್ನಿ, ಸೋಪು ತನ್ನಿ" ಅಂದರೆ ಕ್ರಮ ತಲೆಕೆಳಗಾಯಿತು. ಹಸುವನ್ನು ಮೊದಲೇ ನೆರಳಲ್ಲಿ ಕಟ್ಟಿ, ನೀರು ಸೋಪು ಇಟ್ಟುಕೊಂಡಿರುವುದು ನಮ್ಮ ಜವಾಬ್ದಾರಿ.

ಸ್ಟ್ರಾದ ಮೇಲೆ ಹೋರಿಯ ನಂಬರ್, ತಳಿ, ಕೇಂದ್ರದ ಗುರುತು ಅಚ್ಚಾಗಿರುತ್ತದೆ. ಖಾಲಿ ಸ್ಟ್ರಾ ಕೇಳಿ ಇಸ್ಕೊಂಡು ನಂಬರ್ ಬರೆದುಕೊಳ್ಳಿ. ನಾಳೆ ಹುಟ್ಟುವ ಹೆಣ್ಣುಗರು ಬೆಳೆದು ಬೆದೆಗೆ ಬಂದಾಗ ಅದಕ್ಕೂ ಅಪ್ಪನ ಸ್ಟ್ರಾವನ್ನೇ ಹಾಕಿಸಬಾರದಲ್ಲ.

ಒಂದು ಗೊಂದಲ ಇಲ್ಲೇ ಬಿಡಿಸಿಬಿಡೋಣ. "ಈ ಹೋರಿಯ ತಾಯಿ ಇಷ್ಟು ಸಾವಿರ ಲೀಟರ್" ಅನ್ನುವುದು ಹುಟ್ಟುವ ಕರುವಿನ ಹಾಲಿನ ಮಾತು. ಹಸು ಗಬ್ಬ ನಿಲ್ಲುತ್ತದಾ ಅನ್ನುವುದು ಬೇರೆಯೇ ಮಾತು. ಭಾರಿ ಹಾಲಿನ ವಂಶದ ಹೋರಿಯ ವೀರ್ಯವೂ ಹೆಪ್ಪುಗಟ್ಟುವುದನ್ನು ತಾಳದೆ ಹೋಗಬಹುದು.

ಹೆಣ್ಣುಗರು ಸ್ಟ್ರಾ: ಯಾವ ಹಸುವಿಗೆ ಅನ್ನುವುದೇ ಮುಖ್ಯ

ಹೆಣ್ಣು ಹುಟ್ಟಿಸುವ ವೀರ್ಯಾಣುವಿನಲ್ಲಿ ಡಿಎನ್‌ಎ ಸುಮಾರು 4% ಜಾಸ್ತಿ. ಬಣ್ಣ ಹಾಕಿ, ಲೇಸರ್ ಬೆಳಕಿನ ಮುಂದೆ ಒಂದೊಂದನ್ನೇ ಹಾಯಿಸಿ, ಆ ವ್ಯತ್ಯಾಸ ನೋಡಿ ಯಂತ್ರ ಬೇರ್ಪಡಿಸುತ್ತದೆ. 90%ರಷ್ಟು ಹೆಣ್ಣುಗರು ಬರುತ್ತವೆ ಅನ್ನುವುದು ಸುಳ್ಳಲ್ಲ. ಆದರೆ ಬಣ್ಣ, ಒತ್ತಡ, ಯಂತ್ರದ ಓಟ ಎಲ್ಲ ಮುಗಿಸಿ ಬಂದ ವೀರ್ಯಾಣು ಸುಸ್ತಾಗಿರುತ್ತದೆ, ಸಂಖ್ಯೆಯೂ ಹತ್ತರಲ್ಲಿ ಒಂದು ಪಾಲು. ಗಬ್ಬ ನಿಲ್ಲುವುದು ಮಾಮೂಲಿಗಿಂತ ಕಡಿಮೆಯೇ.

ಲೆಕ್ಕಕ್ಕೆ ಅಂತ ಹೀಗೆ ಇಟ್ಟುಕೊಳ್ಳಿ. ಮಾಮೂಲಿ ಸ್ಟ್ರಾದಲ್ಲಿ 100 ಹಸುಗಳಲ್ಲಿ 40 ನಿಂತರೆ ಹೆಣ್ಣುಗರು 20. ಹೆಣ್ಣುಗರು ಸ್ಟ್ರಾದಲ್ಲಿ 32 ನಿಂತವು ಅಂದುಕೊಂಡರೂ ಹೆಣ್ಣು 29. ಹಾಗಾಗಿ ಹೆಣ್ಣಿನ ಲೆಕ್ಕದಲ್ಲಿ ಗೆಲುವೇ. ಸೋಲುವುದು ನಿಲ್ಲದೆ ಹೋದ ಆ 8 ಹಸುಗಳ ಲೆಕ್ಕದಲ್ಲಿ. ಒಂದೊಂದಕ್ಕೂ ಇನ್ನು 21 ದಿನ ಹಿಂಡಿ ಬೂಸಾ ದಂಡ. ನೂರು ಹಸುವಿನ ಫಾರ್ಮಿಗೆ ಇದು ಸರಾಸರಿಯಲ್ಲಿ ಸರಿಹೋಗುತ್ತದೆ. ಎರಡೇ ಹಸು ಇರುವ ಮನೆಗೆ ಸರಾಸರಿ ಅನ್ನುವುದೇ ಇಲ್ಲ.

ಹಾಗಾಗಿ ಇದು ಮೈಕಟ್ಟು ತುಂಬಿದ, ಇನ್ನೂ ಕರು ಹಾಕದ ಪಡ್ಡೆಗೆ, ಹೆಚ್ಚೆಂದರೆ ಮೊದಲ ಎರಡು ಕರುವಿನ ಹಸುವಿಗೆ. ಬೆದೆ ಸ್ಪಷ್ಟವಾಗಿರಬೇಕು, ಲೋಳೆ ಗಾಜಿನಂತೆ ತಿಳಿಯಾಗಿರಬೇಕು. ತಿರುಗಿ ತಿರುಗಿ ಬೆದೆಗೆ ಬರುವ ಹಸುವಿಗೆ ಇದನ್ನು ಹಾಕಿಸುವುದು ದುಡ್ಡು ಚೆಲ್ಲಿದಂತೆ. ಏಪ್ರಿಲ್, ಮೇ ತಿಂಗಳಲ್ಲೂ ಬೇಡ. ಆಯಸ್ಸು ಕಡಿಮೆ ಇರುವುದರಿಂದ ಮಾಮೂಲಿಗಿಂತ ಕೆಲವು ಗಂಟೆ ತಡವಾಗಿ, ಅಂಡಾಣು ಬೀಳುವ ಹೊತ್ತಿಗೆ ಹತ್ತಿರವಾಗಿ ಹಾಕಿಸಬೇಕು. 2024ರಿಂದ ಎನ್‌ಡಿಡಿಬಿಯ (ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿ) ಗೌಸಾರ್ಟ್ ಅನ್ನುವ, ಹೆಣ್ಣು ವೀರ್ಯಾಣು ಬೇರ್ಪಡಿಸುವ ದೇಶೀ ತಂತ್ರಜ್ಞಾನ ಕೂಡ ಬಂದಿದೆ, ಬೆಲೆ ಇಳಿಯುವ ಲಕ್ಷಣ ಇದೆ. ಬೆಲೆ ಇಳಿದರೂ 20 ಲಕ್ಷ 2 ಕೋಟಿ ಆಗುವುದಿಲ್ಲ ಅನ್ನುವುದು ನೆನಪಿರಲಿ.

ಎಮ್ಮೆ, ಮಲೆನಾಡು ಗಿಡ್ಡ, ಕುರಿ

ಕೋಣದ ವೀರ್ಯ ಹೆಪ್ಪುಗಟ್ಟುವುದನ್ನು ಹೋರಿಯದರಷ್ಟು ತಾಳುವುದಿಲ್ಲ. ಮೇಲೆ ಬೇಸಿಗೆಯಲ್ಲಿ ಎಮ್ಮೆಯದು ಮೂಕ ಬೆದೆ, ಕೂಗುವುದಿಲ್ಲ, ಹಾರುವುದಿಲ್ಲ. ಎಮ್ಮೆಗೆ ಸ್ಟ್ರಾ ಹಾಕಿಸುವುದಾದರೆ ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಉಳಿದ ತಿಂಗಳಲ್ಲಿ, ಪರೀಕ್ಷೆ ಆದ ಕೋಣ ಹತ್ತಿರದಲ್ಲಿದ್ದರೆ ನಾನು ಕೋಣದ ಕಡೆಗೇ.

ಮಲೆನಾಡು ಗಿಡ್ಡಕ್ಕೆ ಎಚ್‌ಎಫ್ ಸ್ಟ್ರಾ ಹಾಕಿಸಬೇಡಿ. ವೀರ್ಯ ಎಷ್ಟೇ ಚೆನ್ನಾಗಿರಲಿ, ಆ ಪುಟ್ಟ ಹಸುವಿನ ಹೊಟ್ಟೆಯಲ್ಲಿ ದೊಡ್ಡ ಕರು ಬೆಳೆದು ಈಯುವಾಗ ಕಷ್ಟ.

ಕುರಿಯಲ್ಲಿ ಆಯ್ಕೆಯೇ ಇಲ್ಲ ಅನ್ನಬಹುದು. ಗರ್ಭಕೋಶದ ಬಾಯಿ ಅಂಕುಡೊಂಕು, ಗನ್ ದಾಟುವುದಿಲ್ಲ. ಒಳ್ಳೆ ಟಗರು ತಂದು, ಹಿಂಡಿಗೆ ಬಿಡುವ ಎರಡು ತಿಂಗಳ ಮೊದಲಿನಿಂದಲೇ ಅದನ್ನು ನೆರಳಲ್ಲಿ ಇಟ್ಟು ಮೇಯಿಸಿ.

ಕೊನೆಗೆ, ನಾನಾದರೆ

ಎರಡು ಮೂರು ಸೀಮೆಹಸುವಿನ ಮನೆ, ಕರೆದರೆ ಅದೇ ದಿನ ಬರುವ, ಥರ್ಮಾಮೀಟರ್ ಇರುವ ಡಾಕ್ಟ್ರೋ ಮೈತ್ರಿ ಕಾರ್ಯಕರ್ತರೋ (ಹಳ್ಳಿಯಲ್ಲೇ ಸ್ಟ್ರಾ ಹಾಕಲು ತರಬೇತಿ ಪಡೆದವರು) ಇದ್ದಾರೆ: ಮಾಮೂಲಿ ಸ್ಟ್ರಾ, ಕಣ್ಣು ಮುಚ್ಚಿಕೊಂಡು. ಬೆಳಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮಾರನೇ ಬೆಳಗ್ಗೆ. ಮನೆಯಲ್ಲಿ ಒಂದು ಒಳ್ಳೆ ಪಡ್ಡೆ ಇದ್ದು ಚಳಿಗಾಲದಲ್ಲಿ ಬೆದೆಗೆ ಬಂದರೆ ಅದಕ್ಕೆ ಮಾತ್ರ ಹೆಣ್ಣುಗರು ಸ್ಟ್ರಾ, ಅದೂ ಒಂದೇ ಸಲ. ನಿಲ್ಲದಿದ್ದರೆ ಮುಂದಿನ ಬೆದೆಗೆ ಮಾಮೂಲಿಗೆ ವಾಪಸ್.

ಡಾಕ್ಟ್ರು ಬರುವುದು ಯಾವಾಗಲೂ ಮಾರನೇ ದಿನ ಅನ್ನುವ ಊರಾದರೆ ಲೆಕ್ಕ ಬದಲಾಗುತ್ತದೆ. ಅಲ್ಲಿ ನಾಟಿಹಸುವಿಗೆ ಪರೀಕ್ಷೆ ಆದ ಹೋರಿಯೇ ವಾಸಿ. ಸೀಮೆಹಸುವನ್ನು ಮಾತ್ರ ಟೆಂಪೋ ಹತ್ತಿಸಿಯಾದರೂ ಹೊತ್ತಿಗೆ ಸರಿಯಾಗಿ ಪಶು ಆಸ್ಪತ್ರೆಗೆ ಕರೆದೊಯ್ಯಬೇಕು.

ಮೂರನೇ ಸಲವೂ ತಿರುಗಿ ಬಂದರೆ ನಾಲ್ಕನೆಯದಕ್ಕೆ ಅವಸರ ಬೇಡ. ಹೊತ್ತು ತಪ್ಪಿತ್ತಾ ಅಂತ ಬರೆದಿಟ್ಟ ದಿನ, ಗಂಟೆ ನೋಡಿ. ಮೂರಕ್ಕೂ ಒಂದೇ ಹೋರಿಯ ನಂಬರ್ ಇದ್ದರೆ ಈ ಸಲ ಬೇರೆ ಹೋರಿಯದ್ದು ಕೇಳಿ. ಲೋಳೆಯಲ್ಲಿ ಕೀವಿನ ಎಳೆ, ಮಂಕು ಬಣ್ಣ ಕಂಡರೆ ತೊಂದರೆ ಇರುವುದು ಹಸುವಿನ ಗರ್ಭಕೋಶದಲ್ಲಿ. ಮೊದಲು ಅದಕ್ಕೆ ಔಷಧಿ ಆಗಲಿ, ಆ ಬೆದೆ ಹಾಗೇ ಹೋಗಲಿ ಬಿಡಿ.